ಶೀನಪ್ಪನ 'ನೋಡುವ'

ಅಮೆರಿಕದ ರಾಲಿಯಲ್ಲಿ ನಮ್ಮ ಎದುರು ಮನೆಯ ಶೀನಪ್ಪ ಪುತ್ತೂರಿನವನು. ಸಾಫ್ಟ್‌ವೇರ್ ಟೆಸ್ಟಿಂಗ್ ಅವನ ಕೆಲಸ. ಇಡೀ ದಿನ ಇನ್ನೊಬ್ಬರ ತಪ್ಪು ಹಿಡಿಯುವ ಈ ಮನುಷ್ಯನಿಗೆ ಯಾರ ಮುಖಕ್ಕೂ 'ಇಲ್ಲ' ಎನ್ನಲು ಬರುವುದಿಲ್ಲ. ಮನಸ್ಸಿಲ್ಲದ್ದಕ್ಕೆಲ್ಲ 'ನೋಡುವ' ಎನ್ನುತ್ತಾನೆ. ನಮ್ಮ ಮೈಸೂರು ಕಡೆಯ 'ನೋಡೋಣ'ವೇ ಅದು. ಒಮ್ಮೆ ಏರ್‌ಪೋರ್ಟಿಗೆ ಬಿಡುತ್ತೀಯಾ ಎಂದು ಕೇಳಿದಾಗಲೂ 'ನೋಡುವ' ಎಂದ. ಅದನ್ನು ನಂಬಿ ನಾನು ಎರಡು ಸೂಟ್‌ಕೇಸ್ ಹಿಡಿದು ಗರಾಜಿನ ಮುಂದೆ ಮುಕ್ಕಾಲು ಗಂಟೆ ನಿಂತೆ. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಆ ಮನೆಯಲ್ಲಿ 'ಇಲ್ಲ' ಎನ್ನುವ ಕೆಲಸ ಹೆಂಡತಿ ಮೋಹಿನಿಯದು. ಬಾಗಿಲು ತಟ್ಟುವ ಸೋಲಾರ್ ಮಾರುವವರಿಗೆ, ಇರುವೆ ಔಷಧಿಯವರಿಗೆ, ನಾಟಕಕ್ಕೆ ಪಾತ್ರಧಾರಿಗಳನ್ನು ಹುಡುಕಿಕೊಂಡು ಬರುವ ಕನ್ನಡ ಸಂಘದವರಿಗೆ, ಎಲ್ಲರಿಗೂ ಅವಳೇ ಹೇಳಬೇಕು. ಹೀಗಾಗಿ ಊರವರ ಬಾಯಲ್ಲಿ ಶೀನಪ್ಪ ದೇವರಂಥವನು, ಮೋಹಿನಿ ಜೋರು.

ಕಳೆದ ವಸಂತದಲ್ಲಿ ಮಾಲ್ ಒಂದರಲ್ಲಿ ಯಾರೋ ಬಹುಮಾನದ ಚೀಟಿ ತುಂಬಿ ಎಂದರು. ಇವನು ತುಂಬಿದ. ದಕ್ಷಿಣ ಕೆರೊಲಿನಾದ ಕೆರೆ ದಂಡೆಯ ಕ್ಯಾಂಪ್‌ಗ್ರೌಂಡಿನಲ್ಲಿ ಮೂರು ದಿನ ಉಚಿತ ವಾಸ್ತವ್ಯ ಸಿಕ್ಕಿತು. ಅಲ್ಲಿ ಮೆಂಬರುಗಳಿಗಷ್ಟೇ ಪ್ರವೇಶ. ಉಚಿತವಾಗಿ ಬಂದವರು ಒಂದೂವರೆ ಗಂಟೆ ಕುಳಿತು ಮೆಂಬರ್‌ಶಿಪ್ಪಿನ ವಿವರ ಕೇಳಬೇಕು, ಅಷ್ಟೇ. ಆ 'ಅಷ್ಟೇ' ಮೋಹಿನಿಗೆ ಸರಿ ಕಾಣಲಿಲ್ಲ. ಕೋವಿಡ್‌ಗೆ ಮುಂಚೆ ಊರಿಗೆ ಹೋದವರು ಇವರು, ಆಮೇಲೆ ಹೋಗಿರಲಿಲ್ಲ. ಡಿಸೆಂಬರಿನಲ್ಲಿ ಅವಳ ತಂಗಿಯ ಮದುವೆ, ಟಿಕೆಟ್ಟಿಗೆಂದು ತೆಗೆದಿಟ್ಟದ್ದು ಬಿಟ್ಟರೆ ಬೇರೆ ಉಳಿತಾಯವಿಲ್ಲ.

"ಈ ಸಲ ನಾನು ಬಾಯಿ ಬಿಡುದಿಲ್ಲ," ಎಂದಳಂತೆ ಕಾರಿನಲ್ಲೇ. "ಎಲ್ಲರ ಎದುರು ನಾನೇ ಕೆಟ್ಟವಳಾದದ್ದು ಸಾಕು. ಬೇಡ ಅಂತ ನೀವೇ ಹೇಳ್ಬೇಕು. ಸೈನ್ ಹಾಕಿದ್ರೆ ಡಿಸೆಂಬರಿಗೆ ಊರಿಗೆ ಹೋಗುದು ಕ್ಯಾನ್ಸಲ್, ಗೊತ್ತುಂಟಲ್ಲ?"

"ನೋಡುವ," ಎಂದ ಶೀನಪ್ಪ.

ಮೊದಲ ದಿನ ಸೊಗಸಾಗಿಯೇ ಕಳೆಯಿತು. ಉಳಿಯಲು ಕೊಟ್ಟ ಟ್ರೇಲರ್ ಎಂಬ ಗಾಲಿಮನೆಯ ಬಚ್ಚಲು ಎಷ್ಟು ಕಿರಿದೆಂದರೆ, ಶೀನಪ್ಪ ಬೆನ್ನಿಗೆ ಸೋಪು ಹಚ್ಚಿಕೊಳ್ಳಲು ಹೋದಾಗ ಮೊಣಕೈ ತಾಗಿ ಬಾಗಿಲೇ ತೆರೆದುಕೊಂಡಿತು. ಮೋಹಿನಿ ನೀರುದೋಸೆ ಹುಯ್ದಳು. ಒಂಬತ್ತು ವರ್ಷದ ಮಗಳು ದೀಕ್ಷಿತಾ ತನ್ನ ಪಾಲಿನ ದೋಸೆ ಹಿಡಿದು ಪಕ್ಕದ ಟ್ರೇಲರಿನ ಅಜ್ಜಿಯ ನಾಯಿಯ ಬಳಿಗೆ ಓಡಿದವಳು ಕತ್ತಲಾಗುವವರೆಗೂ ಬರಲಿಲ್ಲ. ಬಂದವಳೇ, "ಅಪ್ಪಾ, ಕ್ಯಾನ್ ವಿ ಗೆಟ್ ಎ ಡಾಗ್?" ಎಂದಳು. ಮೂರು ವರ್ಷದಿಂದ ದಿನಾ ಕೇಳುವ ಪ್ರಶ್ನೆ. ದಿನಾ ಬರುವ ಉತ್ತರವೇ ಬಂತು.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ವಿವರ ಕೇಳಲು ಅಲ್ಲಿನ ಆಫೀಸಿಗೆ ಹೋದರು. ಡೇಲ್ ಎಂಬ ಬಿಳಿಗೂದಲಿನ ಸೇಲ್ಸಿನವನು ಸ್ವಂತ ಮಾವನಷ್ಟು ಪ್ರೀತಿಯಿಂದ ಕಾಫಿ ಕೊಟ್ಟ, ಫೋಟೋಗಳನ್ನು ತೋರಿಸಿದ, ಕೊನೆಗೆ "ಹೇಗನ್ನಿಸಿತು?" ಎಂದ. ಶೀನಪ್ಪ ತನ್ನ 'ನೋಡುವ'ವನ್ನು ಇಂಗ್ಲಿಷಿಗೆ ತಿರುಗಿಸಿದ: "ವಿ ವಿಲ್ ಸೀ."

"ಖಂಡಿತ ನೋಡಿ!" ಎಂದು ಡೇಲ್ ಎದ್ದೇಬಿಟ್ಟ. ಗಾಲ್ಫ್ ಗಾಡಿಯಲ್ಲಿ ಕೂರಿಸಿಕೊಂಡು ಈಜುಕೊಳ ತೋರಿಸಿದ. ಮರಳಿ ಬಂದು ಮತ್ತೆ ಕೇಳಿದ. ಇವನು ಮತ್ತೆ ವಿ ವಿಲ್ ಸೀ ಎಂದ. ಈ ಸಲ ಬಟ್ಟೆ ಒಗೆಯುವ ಕೋಣೆ ನೋಡಿದ್ದಾಯಿತು. ಮೂರನೆಯ ಸಲಕ್ಕೆ ತೋರಿಸಲು ಏನೂ ಉಳಿದಿರಲಿಲ್ಲ. ಟ್ರೇಲರುಗಳ ಕಕ್ಕಸಿನ ಟ್ಯಾಂಕ್ ಖಾಲಿ ಮಾಡುವ ಜಾಗದ ಮುಂದೆ ಗಾಡಿ ನಿಲ್ಲಿಸಿದ. ಶೀನಪ್ಪ ಮೂಗು ಮುಚ್ಚಿಕೊಂಡೇ "ವೆರಿ ನೈಸ್" ಎಂದ. ಇದನ್ನು ಹೇಳುವಾಗ ಮೋಹಿನಿ ಇಂದಿಗೂ ಹಣೆ ಚಚ್ಚಿಕೊಳ್ಳುತ್ತಾಳೆ.

ಗಂಟೆ ಒಂದಾಯಿತು. ಮ್ಯಾನೇಜರ್ ಕಾಗದಪತ್ರ ತಂದ. ಇಷ್ಟೆಲ್ಲ ಆಸೆಯಿಂದ ನೋಡಿದವರು ಇನ್ನು ಸಹಿ ಹಾಕುವುದೊಂದೇ ಬಾಕಿ ಎಂದು ಅವರ ಲೆಕ್ಕ. ಡೇಲ್ ಪೆನ್ನು ಚಾಚಿದ. ಚಾಚಿದ್ದನ್ನು ತೆಗೆದುಕೊಳ್ಳದಿದ್ದರೆ ಚೆನ್ನಾಗಿರುವುದಿಲ್ಲವೆಂದು ಶೀನಪ್ಪ ತೆಗೆದುಕೊಂಡ. ಮೋಹಿನಿ ತುಟಿ ಕಚ್ಚಿ ಕುಳಿತಳು, ಕಣ್ಣೆದುರು ತಂಗಿಯ ಮದುವೆಯ ಚಪ್ಪರ ಬಿದ್ದುಹೋದಂತಾಯಿತು. ಆದರೂ ಬಾಯಿ ಬಿಡಲಿಲ್ಲ. ಅವಳದೂ ಹಟವೇ. ಶೀನಪ್ಪ ಬೆವರೊರೆಸಿಕೊಂಡು ನಾಲ್ಕನೆಯ ಸಲ "ವಿ ವಿಲ್ ಸೀ" ಎಂದ.

ಮೂಲೆಯಲ್ಲಿ ಬಣ್ಣ ತುಂಬುತ್ತಿದ್ದ ದೀಕ್ಷಿತಾ ತಲೆ ಎತ್ತದೆ ಇಂಗ್ಲಿಷಿನಲ್ಲಿ ಹೇಳಿದಳು: "ಮಿಸ್ಟರ್ ಡೇಲ್, ಅಪ್ಪ ಹಾಗೆ ಹೇಳಿದರೆ ಬೇಡ ಅಂತ ಅರ್ಥ. ನಾನು ಮೂರು ವರ್ಷದಿಂದ ನಾಯಿ ಕೇಳುತ್ತಿದ್ದೇನೆ."

ಡೇಲ್ ಶೀನಪ್ಪನನ್ನು ನೋಡಿದ. ಶೀನಪ್ಪ ನೆಲ ನೋಡಿದ. ಅಷ್ಟು ಹೊತ್ತು ಎಳೆದ ಮಾತುಕತೆ ಅರ್ಧ ನಿಮಿಷದಲ್ಲಿ ಮುಗಿಯಿತು. ಡೇಲ್ ಪೆನ್ನು ವಾಪಸು ತೆಗೆದುಕೊಂಡು, "ಮೊದಲೇ ಹೇಳಿದ್ದರೆ ಇಬ್ಬರೂ ಊಟ ಮಾಡಬಹುದಿತ್ತಲ್ಲ," ಎಂದನಂತೆ. ನ್ಯಾಯವಾದ ಮಾತು.

ಟ್ರೇಲರಿಗೆ ನಡೆದು ಬರುವಾಗ ಶೀನಪ್ಪ ಮಗಳನ್ನು ಕೇಳಿದ: "ಬೇಡ ಅಂತ ಅರ್ಥ ಅಂತ ನಿಂಗೆ ಗೊತ್ತಿತ್ತಾ? ಮತ್ತೆ ದಿನಾ ಎಂತಕ್ಕೆ ಕೇಳುದು?"

"ಬಿಕಾಸ್ ನೀನು ನೋ ಹೇಳಿಲ್ಲ ಅಲ್ಲಾ," ಎಂದಳು ಹುಡುಗಿ. "ಸೋ ಒಂದಿನ ಯೆಸ್ ಆಗ್ಬಹುದು, ಮೇಬಿ."

ಶೀನಪ್ಪ ದಾರಿಯ ನಡುವೆಯೇ ನಿಂತುಬಿಟ್ಟನಂತೆ. ಮೋಹಿನಿ ಇದನ್ನು ನಗುತ್ತಲೇ ಹೇಳಿದಳು, ಕೇಳಿದ ನನಗೆ ಮಾತ್ರ ನಗು ಬರಲಿಲ್ಲ. ಮೂರು ವರ್ಷ ಆ ಮಗು ಒಂದು ಸುಳ್ಳು ಮಾತಿನ ಮೇಲೆ ನಿಜವಾದ ಆಸೆ ಇಟ್ಟುಕೊಂಡು ಕುಳಿತಿತ್ತು.

ಜೂನಿನಲ್ಲಿ ಅವರ ಮನೆಗೆ ಒಂದು ಕಂದು ನಾಯಿ ಬಂತು. ದೀಕ್ಷಿತಾ ಅದಕ್ಕೆ 'ನೋಡುವ' ಎಂದೇ ಹೆಸರಿಟ್ಟಳು. ಅಂದಿನಿಂದ ಶೀನಪ್ಪ ಮನೆಯಲ್ಲಿ ಆ ಮಾತನ್ನು ಆಡುವಂತಿಲ್ಲ. ಆಡಿದರೆ ನಾಯಿ ಓಡಿ ಬಂದು ಎದುರು ಕೂರುತ್ತದೆ, ಜತೆಗೆ ಮಗಳೂ ಬರುತ್ತಾಳೆ, ಹೌದೋ ಇಲ್ಲವೋ ಹೇಳಲೇಬೇಕು.

ಮೊನ್ನೆ ನಾನು ಅವರಲ್ಲಿಗೆ ಚಹಾಕ್ಕೆ ಹೋಗಿದ್ದೆ.

"ಡಿಸೆಂಬರಿಗೆ ಊರಿಗೆ ಹೊರಟಿದ್ದೇವೆ ಮಾರಾಯ," ಎಂದ ಶೀನಪ್ಪ. "ಮೂರು ವಾರ ಇವನನ್ನು ನೀನು ಇಟ್ಕೊಳ್ತೀಯಾ?"

ನನಗೆ ನಾಯಿಯೆಂದರೆ ಆಗದು. ಏರ್‌ಪೋರ್ಟಿನ ಸಿಟ್ಟೂ ಇತ್ತು. ಆದರೂ ಬಾಯಿಗೆ ಬಂದದ್ದು ಬೇರೆಯೇ.

"ನೋಡೋಣ," ಎಂದೆ.

ಪುತ್ತೂರಿನ ಮಾತಿಗೂ ಮೈಸೂರಿನ ಮಾತಿಗೂ ಇರುವ ವ್ಯತ್ಯಾಸ ಆ ನಾಯಿಗೆ ಎಲ್ಲಿಂದ ತಿಳಿಯಬೇಕು. ಬಾಲ ಅಲ್ಲಾಡಿಸುತ್ತ ಬಂದು ನನ್ನ ಕಾಲ ಬಳಿ ಕುಳಿತಿತು.