ಇನ್ನಿಬ್ಬರು ಎಂತ ಆದ್ರು?

ಕಳೆದ ವಾರ ಮಗಳ ಶಾಲೆಯ ಚಾರ್ಟಿಗೆಂದು ಮೈದಾ ಅಂಟು ಕಾಯಿಸುತ್ತಿದ್ದೆ. ತಳದಿಂದ ಗುಳ್ಳೆ ಎದ್ದು ಆ ಸಪ್ಪೆ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸೌಟು ಹಿಡಿದವಳು ಹಾಗೇ ನಿಂತುಬಿಟ್ಟೆ. ನಮ್ಮ ಹೈಸ್ಕೂಲಿನ ಉದ್ದನೆಯ ಜಗಲಿ, ಅದರ ಗೋಡೆ, ಗೋಡೆಯ ಮುಂದೆ ಅಂಟಿನ ಡಬ್ಬಿ ಹಿಡಿದು ನಿಂತ ಕನ್ನಡ ಟೀಚರ್...

ಜಯಪುರದ ಹತ್ತಿರದ ಶಾಲೆ ಅದು. ಟೀಚರ್ ಸೀತೂರಿನ ಕಡೆಯವರು, ಜಯಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಪ್ರತಿ ಶನಿವಾರ ಅಂಟು ಕಾಯಿಸಿ ತರುತ್ತಿದ್ದರು. ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತು ಬೆರೆಸುತ್ತಿದ್ದರು. ಆ ವಾರ ನಾವು ಬರೆದ ಅಭಿಪ್ರಾಯಗಳೆಲ್ಲ ಗೋಡೆಗೇರುತ್ತಿದ್ದವು. ಯಾವ ವಿಷಯವಾದರೂ ಸರಿ, ಯಾರ ವಿರುದ್ಧವಾದರೂ ಸರಿ. ಆದರೆ ಪ್ರತಿ ಮಾತಿಗೂ ಆಧಾರ ಇರಬೇಕು. ಊರಿನವರೆಲ್ಲ ಆಧಾರ್ ಕಾರ್ಡ್ ಮಾಡಿಸಲು ಸಾಲು ನಿಲ್ಲುತ್ತಿದ್ದ ಕಾಲ. “ಆಧಾರ ತಂದಿದ್ದೀಯಾ?” ಎಂದು ಅವರು ಕೇಳಿದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ನಗು ಏಳುತ್ತಿತ್ತು. ಅವರೂ ನಗುತ್ತಿದ್ದರು, ಆದರೆ ಬಿಡುತ್ತಿರಲಿಲ್ಲ.

ನಮಗೆ ಅದೊಂದು ಹುಚ್ಚೇ ಹಿಡಿಯಿತು. ಹಲಸಿನ ಹಪ್ಪಳಕ್ಕಿಂತ ಗೆಣಸಿನ ಹಪ್ಪಳವೇ ರುಚಿ ಎಂದು ಬರೆಯಹೊರಟ ನನ್ನ ಸಹಪಾಠಿಯೊಬ್ಬ, ಕಮ್ಮರಡಿಯ ಮದುವೆ ಮನೆಯೊಂದರಲ್ಲಿ ಊಟದ ಪಂಕ್ತಿಯ ಉದ್ದಕ್ಕೂ ನೋಟ್‌ಬುಕ್ ಹಿಡಿದು ನಡೆದು, ಎಲ್ಲರ ಅಭಿಪ್ರಾಯ ಕೇಳಿಕೊಂಡು ಬಂದ. ಟೀಚರ್ ಅದನ್ನು ಓದಿ, “ಅವತ್ತು ಎಲೆಗೆ ಯಾವ ಹಪ್ಪಳ ಬಡಿಸಿದ್ರು?” ಎಂದರು.

“ಗೆಣಸಿಂದು.”

“ಬಾಯಲ್ಲಿ ಇದ್ದದ್ದನ್ನೇ ಹೊಗಳ್ತಾರೆ ಮಾರಾಯ. ಬೇರೆ ಕಡೆನೂ ಕೇಳ್ಕೊಂಡು ಬಾ.”

ಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮನ್ನು ಕಂಡರೆ ಅಂಗಡಿಯವರು ಮುಖ ತಿರುಗಿಸುವಷ್ಟು ಪ್ರಶ್ನೆ ಕೇಳಿದೆವು ಆ ವರ್ಷ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ, ಹುಡುಗಿಯರ ಖೋಖೋ ತಂಡದಲ್ಲಿದ್ದೆ. ಕೊಪ್ಪದಲ್ಲಿ ತಾಲ್ಲೂಕು ಪಂದ್ಯ ಹತ್ತಿರ ಬರುತ್ತಿತ್ತು. ಒಂದು ಬೆಳಗ್ಗೆ ಹೆಡ್‌ಮಾಸ್ಟರು ಪ್ರಾರ್ಥನೆ ಮುಗಿದ ಮೇಲೆ, ಈ ಸಲ ಹುಡುಗಿಯರ ತಂಡ ಹೋಗುವುದಿಲ್ಲ, ಆಟಕ್ಕೆ ಬಿದ್ದವರ ಓದು ಹಾಳಾಗುತ್ತಿದೆ ಎಂದುಬಿಟ್ಟರು. ಹುಡುಗರ ಓದಿನ ಮಾತು ಬರಲೇ ಇಲ್ಲ. ನಾನು ಆ ಮಧ್ಯಾಹ್ನವೇ ಎರಡು ಪುಟ ಗೀಚಿ ಟೀಚರ್ ಮುಂದಿಟ್ಟೆ.

ಅವರು ಪೂರ್ತಿ ಓದಿದರು. “ಸಿಟ್ಟು ಚೆನ್ನಾಗುಂಟು. ಆಧಾರ ಎಲ್ಲಿ?”

ಸರಿ, ಹೊರಟೆ. ತಂಡದ ಒಬ್ಬೊಬ್ಬಳ ಮನೆಯಿಂದಲೂ ಮಾರ್ಕ್ಸ್ ಕಾರ್ಡ್ ತರಿಸಿದೆ. ಹಿಂದಿನ ವರ್ಷದ್ದು ಒಂದು ಕಡೆ, ಆ ವರ್ಷದ ಕಿರುಪರೀಕ್ಷೆಯದ್ದು ಇನ್ನೊಂದು ಕಡೆ ಬರೆದೆ. ಅಂಕಿಗಳು ನನ್ನ ಪರವಾಗಿ ಸಾಲಾಗಿ ನಿಲ್ಲುತ್ತ ಹೋದಾಗ ಆದ ಖುಷಿ... ಎದುರಾಳಿಯ ಬೆನ್ನಿಗೆ ಕೈ ತಾಗುವ ಕ್ಷಣದಲ್ಲೂ ಅಂಥದ್ದು ಆಗಿರಲಿಲ್ಲ. ಏಳು ಹುಡುಗಿಯರ ಅಂಕ ಇದ್ದಲ್ಲೇ ಇತ್ತು, ಇಲ್ಲವೇ ಏರಿತ್ತು. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಓಡಿದೆ.

ಟೀಚರ್ ಬೆರಳು ಮಡಚಿ ಎಣಿಸಿದರು. “ಟೀಮಲ್ಲಿ ಎಷ್ಟು ಜನ?”

“ಒಂಬತ್ತು.”

“ಇನ್ನಿಬ್ಬರು ಎಂತ ಆದ್ರು?”

ಆ ಇಬ್ಬರೂ ಗಣಿತದಲ್ಲಿ ಇಳಿದಿದ್ದರು. ಒಬ್ಬಳು ನನ್ನ ಆಪ್ತ ಗೆಳತಿ, ನಮ್ಮಲ್ಲಿ ಎಲ್ಲರಿಗಿಂತ ಚುರುಕಿನ ಓಟಗಾರ್ತಿ. ಅವರನ್ನು ಸೇರಿಸಿದರೆ ನಾವು ಸೋತಂತೆಯೇ ಎಂದು ವಾದಿಸಿದೆ. ಟೀಚರ್ ದನಿ ಏರಿಸಲಿಲ್ಲ. “ನಿಂಗೆ ಬೇಕಾದ್ದು ಮಾತ್ರ ಹೇಳಿದ್ರೆ ಅದು ಆಧಾರ ಅಲ್ಲ ಮಗೂ, ವಕಾಲತ್ತು. ಅವರನ್ನೇ ಕೇಳು. ಅವರು ಬೇಡ ಅಂದ್ರೆ ಹೆಸರು ಹಾಕ್ಬೇಡ.”

ಅಂದು ಅವರ ಮೇಲೆ ನನಗೆ ವಿಪರೀತ ಕೋಪ ಬಂದಿತ್ತು. ಆದರೂ ಗೆಳತಿಯ ಹತ್ತಿರ ಹೋದೆ, ತೊದಲುತ್ತ ಕೇಳಿದೆ. ಅವಳು ಕಾಲಿನ ಮಣ್ಣು ಕೊಡವುತ್ತ, “ಬರಿ ಮಾರಾಯ್ತಿ” ಎಂದಳು. “ಆದ್ರೆ ಯಾಕೆ ಅಂತಾನೂ ಬರಿ. ಗಣಿತದ ಸ್ಪೆಷಲ್ ಕ್ಲಾಸೂ ಸಂಜೆಗೆ, ಪ್ರಾಕ್ಟೀಸೂ ಸಂಜೆಗೆ. ನಾ ಎರಡು ಕಡೆ ಹೆಂಗೆ ಇರ್ಲಿ?”

ಇನ್ನೊಬ್ಬಳನ್ನು ಕೇಳಿದೆ, ಅದೇ ಉತ್ತರ. ಉಳಿದ ಏಳು ಜನರಿಗೆ ಆ ಸ್ಪೆಷಲ್ ಕ್ಲಾಸ್ ಇರಲೇ ಇಲ್ಲ. ನಾನು ಜಗಲಿಯಲ್ಲಿ ಓಡಿದ ರಭಸಕ್ಕೆ ಟೀಚರ್ ಕೈಯಲ್ಲಿದ್ದ ಪುಸ್ತಕಗಳು ಕೆಳಗೆ ಬಿದ್ದವು. ಅವರು ಅವನ್ನು ಎತ್ತಿಕೊಳ್ಳಲೂ ಇಲ್ಲ. “ಬೆಳಗ್ಗೆ ಪ್ರಾಕ್ಟೀಸ್ ಇಟ್ರೆ ಬಸ್ಸು ಸಿಕ್ಕುತ್ತಾ? ಅದನ್ನೂ ಕೇಳ್ಕೊಂಡು ಬಾ” ಎಂದರು. ಅವರ ಕಣ್ಣೂ ಹೊಳೆಯುತ್ತಿತ್ತು.

ಆ ಶನಿವಾರ ಒಂಬತ್ತೂ ಜನರ ಲೆಕ್ಕ ಗೋಡೆಗೆ ಏರಿತು. ಇಳಿದ ಇಬ್ಬರು, ಕಾರಣ, ಬೆಳಗಿನ ಬಸ್ಸಿನ ವೇಳೆ, ಎಲ್ಲ. ಹೆಡ್‌ಮಾಸ್ಟರು ಕನ್ನಡಕ ಏರಿಸಿ ನಿಂತು ಓದಿದರು. ನಾವು ಕಂಬಗಳ ಹಿಂದಿನಿಂದ ಇಣುಕುತ್ತಿದ್ದೆವು.

“ಈ ಇಬ್ಬರ ವಿಷಯ ಯಾಕೆ ಬರೆದೆ? ಬಿಟ್ಟಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ” ಎಂದರು, ನನ್ನನ್ನು ಹತ್ತಿರ ಕರೆದು.

“ಇದ್ದದ್ದು ಹೌದಲ್ಲ ಸರ್” ಎಂದೆ.

ಅವರು ಮತ್ತೊಮ್ಮೆ ಓದಿದರು. “ಬೆಳಗ್ಗೆ ಆಡಿ. ಮುಂದಿನ ಪರೀಕ್ಷೆ ನೋಡುವ.”

ಮುಂದಿನ ಪರೀಕ್ಷೆಯಲ್ಲಿ ಇಬ್ಬರೂ ಗಣಿತದಲ್ಲಿ ಚೇತರಿಸಿಕೊಂಡರು. ನಾವು ಕೊಪ್ಪಕ್ಕೆ ಹೋದೆವು. ಮೊದಲ ಪಂದ್ಯ ಗೆದ್ದೆವು, ಎರಡನೆಯದರಲ್ಲಿ ಸೋತೆವು. ವಾಪಸು ಬರುವಾಗ ಬಸ್ಸಿನಲ್ಲಿ ಕೂಗಿ ಕೂಗಿ ಎಲ್ಲರ ಗಂಟಲು ಕಟ್ಟಿತ್ತು. ಟೀಚರ್ ಮುಂದಿನ ಸೀಟಿನಿಂದ ತಿರುಗಿ, “ಯಾಕೆ ಸೋತ್ರಿ ಅಂತ ಸೋಮವಾರ ಬರ್ಕೊಂಡು ಬನ್ನಿ” ಎಂದರು. ಅಂಪೈರ್ ಸರಿಯಿಲ್ಲ ಎಂದು ಬರೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ನಿವೃತ್ತಿಯಾದ ಮೇಲೆ ಅವರು ಸೀತೂರಿಗೆ ಹೋದರು. ನಾನು ಕೊಪ್ಪದಲ್ಲೇ ಇದ್ದೇನೆ, ದೂರವೇನಲ್ಲ. ಟೀಚರಿಗೆ ಹುಷಾರಿಲ್ಲವೆಂದು ಹೋದ ವರ್ಷ ಗೆಳತಿ ಫೋನ್ ಮಾಡಿದ್ದಳು. ಈ ಮಳೆ ಒಂದು ಬಿಡಲಿ, ಹೋಗಿ ಬರುತ್ತೇನೆ ಎಂದಿದ್ದೆ. ಮಳೆ ಬಿಡುವ ಮೊದಲೇ ಅವರು ಹೋದರು...

ಅಂಟು ಕಾಯಿಸಿದ ಮರುದಿನ ಕೆಲಸವಿದ್ದು ಜಯಪುರದ ಕಡೆ ಹೋಗಿದ್ದೆ. ಬೆಳಗ್ಗೆ ಎಂಟು ಗಂಟೆ ಇರಬಹುದು. ಶಾಲೆಯ ಮೈದಾನದಲ್ಲಿ ಹುಡುಗಿಯರು ಖೋಖೋ ಆಡುತ್ತಿದ್ದರು. ಅವರಿಗೆ ಬೆಳಗಿನ ಅಭ್ಯಾಸ ಹಿಂದಿನಿಂದ ನಡೆದುಬಂದದ್ದು, ಅಷ್ಟೆ. ಬೇಲಿಯ ಹತ್ತಿರ ನಿಂತವಳನ್ನು ನೋಡಿ ಒಬ್ಬಳು ಏದುಸಿರು ಬಿಡುತ್ತ ಬಂದಳು.

“ಯಾರು ಬೇಕಿತ್ತು ಆಂಟಿ?”

ಕನ್ನಡ ಟೀಚರ್ ಎಂದಿದ್ದರೆ ಅವಳು ಒಳಗೆ ಓಡಿ ಹುಡುಕಿಯೇ ಬರುತ್ತಿದ್ದಳೇನೋ. “ಯಾರೂ ಇಲ್ಲ ಪುಟ್ಟಿ, ನೀ ಆಡು” ಎಂದೆ.