ಶಿವನಂಜಮ್ಮ ಹಳ್ಳ ಗಾಳಿಸಿದ್ದು

“ನಾನು ಅಳ್ಳಕ್ಕೆ ಕಾಲಿಟ್ರೆ ಸಾಕು ಕಣವ್ವ, ಉಳ ಎಲ್ಲಾ ತಾವಾಗೇ ಎದ್ದು ಬಂದು ನಿನ್ ಬಲೆ ಒಳ್ಗೆ ಕೂತ್ಕತವೆ” ಎಂದು ಪಣಕಹಳ್ಳಿಯ ಪುಟ್ಟಬಸಪ್ಪ ರಂಜಿನಿಗೆ ಮಾತು ಕೊಟ್ಟಿದ್ದ.

ರಂಜಿನಿ ತಾಳವಾಡಿಯ ಹುಡುಗಿ. ಕೊಯಮತ್ತೂರಿನ ಕಾಲೇಜಿನಲ್ಲಿ ನೀರುಹುಳಗಳ ಬಗ್ಗೆ ಓದುತ್ತಿದ್ದಳು. ೨೦೦೬ರ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಪಣಕಹಳ್ಳಿಗೆ ಬಂದು ಅಲ್ಲಿನ ಹಳ್ಳಕ್ಕೆ ಅಡ್ಡಲಾಗಿ ಬಲೆ ಹಿಡಿದು ನಿಲ್ಲುವಳು. ಬಲೆಯ ಮೇಲುಗಡೆ, ನೀರು ಬರುವ ದಿಕ್ಕಿನಲ್ಲಿ, ಇನ್ನೊಬ್ಬರು ಮೂರು ನಿಮಿಷ ಕಾಲಿನಿಂದ ಕಲ್ಲು ಕದಡಬೇಕು. ಕಲ್ಲಿಗಂಟಿದ ಹುಳ ಸಡಿಲಾಗಿ ನೀರಿನೊಡನೆ ಬಲೆಗೆ ಬೀಳುತ್ತದೆ. ಕೊನೆಯ ವಾರ, ಪ್ರತಿ ಸಲ ಕಲ್ಲು ಕದಡುತ್ತಿದ್ದ ಗೆಳತಿ ಬರಲಿಲ್ಲವೆಂದು ಆ ಕೆಲಸ ಪುಟ್ಟಬಸಪ್ಪನ ಕಾಲಿಗೆ ಬಂತು.

ಬುತ್ತಿ ಹೊತ್ತು ಜೊತೆಗೆ ಬಂದವಳು ಅವನ ಹೆಂಡತಿ ಶಿವನಂಜಮ್ಮ. ಸುತ್ತ ಏಳೂರಿನ ಮದುವೆಗೂ ಅಕ್ಕಿ ಗಾಳಿಸಲು ಅವಳೇ ಆಗಬೇಕು. ನೀರಿನಲ್ಲಿ ತಿರುವಿ ತಿರುವಿ, ಅಕ್ಕಿ ಹರಿದು ಬರುವಂತೆ, ಕಲ್ಲು ತಳದಲ್ಲೇ ಕೂರುವಂತೆ ಬಗ್ಗಿಸುವ ಕೈ ಅದು. ಅವಳು ಗಾಳಿಸಿದ ಅನ್ನದಲ್ಲಿ ಕಟುಂ ಎಂದರೆ ಉಂಡವನ ಹಲ್ಲು ಮುರಿದಿದೆ ಎಂದೇ ಅರ್ಥ. ಪುಟ್ಟಬಸಪ್ಪನದೋ ಗೋಡೆಗೆ ಮಣ್ಣು ತುಳಿದ ಕಾಲು. ಅವನು ತುಳಿದು ಎಬ್ಬಿಸಿದ ಗೋಡೆಗೆ ಆನೆ ಬೆನ್ನು ಉಜ್ಜಿದರೆ ಸವೆಯುತ್ತಿದ್ದುದು ಆನೆ.

ಆ ಕಾಲು ಹಳ್ಳಕ್ಕಿಳಿಯಿತು. “ಮೆಲ್ಲಗೆ ಮಾವ” ಎಂದು ರಂಜಿನಿ ಹೇಳುವಷ್ಟರಲ್ಲಿ ಅರ್ಧ ಹಳ್ಳವೇ ಎದ್ದು ಬಲೆಯೊಳಗೆ ಕೂತಿತ್ತು. ಸುರಿದರೆ ಬೇಸಿನ್ ತುಂಬ ಮರಳು, ಬೆಣಚುಕಲ್ಲು. ಹುಳಗಳು ಅದರೊಳಗೆಲ್ಲೋ.

ರಂಜಿನಿಯ ಮುಖ ಬಾಡಿತು. ತಾಳಮಲೆ ಕಡೆ ಮೋಡ ಕಪ್ಪಿಟ್ಟಿತ್ತು. ಮಳೆ ಬಿದ್ದು ಕೆಂಪು ನೀರು ಬಂದರೆ ಮತ್ತೆ ಬಲೆ ಹಾಕುವಂತಿಲ್ಲ. ಈ ಕೊನೆಯ ವಾರದ್ದು ಕೆಟ್ಟರೆ ಇಡೀ ಬೇಸಿಗೆಯ ಕೆಲಸವೇ ಕುಂಟು. ಒಂದೊಂದಾಗಿ ಆರಿಸುತ್ತ ಕೂತರೆ ಮರಳಿನಲ್ಲಿ ಹುಳ ಅರೆದುಹೋಗುತ್ತವೆ.

ಶಿವನಂಜಮ್ಮ ಬೇಸಿನ್ನಿಗೆ ಬಗ್ಗಿ ನೋಡಿದಳು.

“ನಿಂಗೆ ಉಳ ಬೇಕಾ, ಕಲ್ಲು ಬೇಕಾ?”

“ಹುಳ ಕಣತ್ತೆ.”

“ಅಂಗಾರೆ ಕೊಡಿಲ್ಲಿ. ಕಲ್ಲಕ್ಕಿ ಇದ್ದಂಗದೆ.”

“ಹುಳ ತೇಲಿ ಹಳ್ಳಕ್ಕೆ ಹೋಗ್ಬುಟ್ರೆ?”

“ಜರಡಿ ಯಾಕ್ ತಂದಿದ್ದೀ? ಬೇಸಿನ್ ಬಾಯ್ಗೆ ಇಡ್ಕೊ.”

ರಂಜಿನಿ ಜರಡಿ ಒಡ್ಡಿದಳು. ಶಿವನಂಜಮ್ಮ ನೀರು ಹಾಕಿ, ಒಂದು ಸುತ್ತು ತಿರುವಿ, ಮೆಲ್ಲನೆ ಬಗ್ಗಿಸಿದಳು. ಮೂರು ಬಾಲದವು, ಚಪ್ಪಟೆ ಮೈಯವು, ಕಾಲೇ ಮೈಯಾದವು, ಎಲ್ಲ ಒಂದರ ಹಿಂದೊಂದು ಜರಡಿಗಿಳಿದವು. ಹನ್ನೆರಡು ಸಲ ಗಾಳಿಸಿದ ಮೇಲೆ ರಂಜಿನಿ ತಳದ ಮರಳನ್ನು ಬಿಳಿ ತಟ್ಟೆಗೆ ಹರಡಿ ಭೂತಗನ್ನಡಿ ಹಿಡಿದಳು. ಉಳಿದಿದ್ದವು ಎರಡೇ. ಹರಳು ಅಂಟಿಸಿ ಗೂಡು ಕಟ್ಟಿಕೊಂಡ ಹುಳಗಳು ಅವು. ಗೂಡಿನ ಭಾರಕ್ಕೆ ತಳ ಹಿಡಿದಿದ್ದವು.

“ನೋಡ್ದಾ, ಎರಡು ಬುಟ್ಬುಟ್ಳು” ಎಂದ ಪುಟ್ಟಬಸಪ್ಪ.

“ಅವು ಸ್ವಂತ ಮನೆಯೋವು. ಕರೆದೇಟ್ಗೆ ಏಳಲ್ಲ” ಎಂದಳು ಶಿವನಂಜಮ್ಮ.

ಹುಳಗಳನ್ನು ಸೀಸೆಗೆ ತುಂಬಿ ಚೀಟಿ ಅಂಟಿಸುವ ಹೊತ್ತಿಗೆ ಮೊದಲ ಹನಿ ಬಿತ್ತು. ರಂಜಿನಿಯ ಮುಖದಲ್ಲಿ ಈಗ ನಗೆ.

“ಮುಂದಿನ ಬೇಸಿಗೆ ತಾಳಮಲೆ ಹಳ್ಳಕ್ಕೆ ಹೋಗ್ಬೇಕು. ಬರ್ತೀರಾ ಅತ್ತೆ?”

“ನಾನಿಲ್ದೆ ಎಂಗವ್ವ?” ಪುಟ್ಟಬಸಪ್ಪ ನಡುವೆ ಬಂದ. “ತುಳಿಯೋರ್ ಯಾರು?”

ಶಿವನಂಜಮ್ಮ ಸೆರಗಿನಿಂದ ಗಂಡನ ಕಾಲಿನ ಕೆಸರು ಒರೆಸುತ್ತ ಹೇಳಿದಳು: “ಇವ್ರನ್ನೂ ಕರ್ಕೊ ಕೂಸೆ, ಬುತ್ತಿ ಒರಕ್ಕೆ ಆಯ್ತದೆ. ನೀರ್ಗೆ ಮಾತ್ರ ಇಳಿಸ್ಬ್ಯಾಡ. ಅಳ್ಳ ಆ ಊರೋರ್ಗೂ ಬೇಕು.”