ಯಾರು ಅಂದಾರ?

ನಮ್ಮ ಚಾಚಾರ ಬಲಗೈ ತೋರುಬೆರಳು ಯಾವಾಗಲೂ ಕೆಂಪಗಿರುತ್ತಿತ್ತು. ಹೊಸಬರು ನೋಡಿದರೆ, ಈ ವಯಸ್ಸಿನಲ್ಲಿ ಇವರು ಯಾರದೋ ಮದುವೆಗೆ ಹೋಗಿ ಮೆಹಂದಿ ಹಚ್ಚಿಸಿಕೊಂಡು ಬಂದಿದ್ದಾರೆ ಅಂದುಕೊಳ್ಳುತ್ತಿದ್ದರು. ಅದು ಶಾಯಿ. ಪೆನ್ನಿನ ಕೊಳವೆ ಕೈಗೆ ಒತ್ತುತ್ತದೆ ಎಂದು ಅವರು ಬರೀ ಕೆಂಪು ರೀಫಿಲ್ಲನ್ನೇ ಬೆರಳ ಸಂದಿಯಲ್ಲಿ ಹಿಡಿದು ಬರೆಯುತ್ತಿದ್ದರು. ಅದು ಸೋರಿ ಸೋರಿ ಉಗುರಿನ ಬುಡದವರೆಗೂ ಬಣ್ಣ ಇಳಿದಿತ್ತು, ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ನಾನು ಬರೆದ ಹಾಳೆಯ ಮೇಲೆ ಆ ಬೆರಳು ಸಾಲಿನಿಂದ ಸಾಲಿಗೆ ಇಳಿದುಬರುವಾಗ ನಾನು ಅದಕ್ಕಿಂತ ಮೊದಲೇ ಮುಂದಿನ ಸಾಲನ್ನು ಓದಿ ತಪ್ಪು ಹುಡುಕುತ್ತಿದ್ದೆ. ಪರೀಕ್ಷೆಯ ಫಲಿತಾಂಶಕ್ಕೂ ನಾನು ಅಷ್ಟು ಹೆದರಿದವಳಲ್ಲ.

ಆಳಂದದ ಕೇಬಲ್ ಚಾನೆಲ್ಲಿನಲ್ಲಿ ನಾನು ಸುದ್ದಿ ಓದುವವಳು. ದಿನಾ ಸಂಜೆ ಅರ್ಧ ಗಂಟೆ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂದು ಕೋಣೆ, ಬೆನ್ನ ಹಿಂದೆ ನೀಲಿ ಪರದೆ. ಸಪ್ಪಳವಾಗುತ್ತದೆ ಎಂದು ಓದುವಾಗ ಫ್ಯಾನು ಬಂದ್. ನಮ್ಮ ಕಡೆಯ ಬೇಸಿಗೆಯಲ್ಲಿ ಫ್ಯಾನಿಲ್ಲದೆ ಮುಗುಳ್ನಗುತ್ತ ಕೂಡುವುದು ಏನೆಂದು ಕೂತವರಿಗೇ ಗೊತ್ತು. ಊರಿಗೆಲ್ಲ ಚಾಚಾ ಆಗಿದ್ದ ಅವರು ಅಲ್ಲಿ ಸುದ್ದಿ ಬರೆಯುವವರು, ತಿದ್ದುವವರು, ಪ್ರಸಂಗ ಬಂದರೆ ಕ್ಯಾಮೆರಾ ಹಿಡಿಯುವವರು. ಅದಕ್ಕೂ ಮೊದಲು ಜೇವರ್ಗಿ, ಅಫಜಲಪುರಗಳಲ್ಲಿ ಪತ್ರಿಕೆಗಳಿಗೆ ವರದಿ ಮಾಡಿ ಕೂದಲು ಬೆಳ್ಳಗೆ ಮಾಡಿಕೊಂಡಿದ್ದರು. ಮನೆಯಲ್ಲಿ ದಖನಿ ಉರ್ದು, ಬರವಣಿಗೆ ಕನ್ನಡ. ನಿತ್ಯ ಲಿಂಗಪೂಜೆ ಮಾಡುವ ನಮ್ಮಪ್ಪನಿಗೆ ವಚನದ ಸಾಲು ಮರೆತಾಗ ಮುಂದಿನ ಸಾಲು ಎತ್ತಿಕೊಡುತ್ತಿದ್ದವರೂ ಅವರೇ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಸ್ತೆಯ ಸುದ್ದಿ ಬರೆದೆ. ಕೊನೆಗೆ, ಎಲ್ಲಾ ಪತ್ರಿಕೆಗಳಲ್ಲಿ ಓದಿ ರೂಢಿಯಾಗಿದ್ದಂತೆ, "ಕಾಮಗಾರಿ ಕಳಪೆಯಾಗಿದೆ ಎನ್ನಲಾಗಿದೆ" ಎಂದು ಮುಗಿಸಿದೆ. ಕೆಂಪು ಬೆರಳು ಅಲ್ಲಿಗೆ ಬಂದು ನಿಂತಿತು.

"ಯಾರು ಅಂದಾರ?"

"ಎಲ್ಲಾರೂ ಅನ್ನಾಕತ್ತಾರ್ರಿ ಚಾಚಾ."

"ಎಲ್ಲಾರೂ ಅಂದ್ರ ಯಾರೂ ಅಲ್ಲ ಬೇಟಾ. ಒಬ್ಬರ ಹೆಸರು ತಾ. ಇಲ್ಲಂದ್ರ ನೀನ ಹೋಗಿ ನೋಡಿ ಬಾ. ಎರಡೂ ಆಗೂದಿಲ್ಲಂದ್ರ ಬಿಟ್ಟುಬಿಡು."

"ಎನ್ನಲಾಗಿದೆ" ಎಂಬ ಆ ಶಬ್ದದ ಮೇಲೆ ಅವರಿಗೆ ಇದ್ದ ಸಿಟ್ಟು ಮನುಷ್ಯರ ಮೇಲೆ ಇರಲಿಲ್ಲ. ನಾವು ಮಾತಾಡುವಾಗ "ಮಳಿ ಬಂತಂತ", "ಅಂವ ಹೋದನಂತ" ಅನ್ನುತ್ತೇವಲ್ಲ, ಅದು ಅವರಿಗೆ ಒಪ್ಪಿಗೆ. "ನಮ್ಮ 'ಅಂತ' ಪಾಪದ್ದು," ಅನ್ನುತ್ತಿದ್ದರು, "ನಾ ಕೇಳಿದ್ದಷ್ಟ, ನೋಡಿಲ್ಲ ಅಂತ ತಾನ ಒಪ್ಕೋತದ. ಈ 'ಎನ್ನಲಾಗಿದೆ' ಅದಲಾ, ಇದು ಕೋಟು ಹಾಕ್ಕೊಂಡು ಬಂದ ಸುಳ್ಳ. ಹೆಸರು ಕೇಳಿದ್ರ ಹೇಳೂದಿಲ್ಲ, ಕುರ್ಚಿ ಮಾತ್ರ ಬೇಕು ಅದಕ್ಕ."

ಇದರಿಂದ ನಮ್ಮ ಸುದ್ದಿ ಸದಾ ತಡ. ಊರಿನಲ್ಲಿ ಮೊಬೈಲು ಚಾನೆಲ್ಲುಗಳು ಹುಟ್ಟಿಕೊಂಡಿದ್ದವು. ಅವರು ಘಟನೆ ಮುಗಿಯುವ ಮೊದಲೇ ಸುದ್ದಿ ಮುಗಿಸುತ್ತಿದ್ದರು. ನಮ್ಮದನ್ನು "ತಂಗಳ ಸುದ್ದಿ" ಎಂದು ಚಹಾದಂಗಡಿಯಲ್ಲಿ ಚೇಷ್ಟೆ ಮಾಡುತ್ತಿದ್ದರು. ಚಾನೆಲ್ಲಿನ ಮಾಲಕರು ತಲೆ ಚಚ್ಚಿಕೊಳ್ಳುತ್ತಿದ್ದರು. ನನಗೂ ಎಷ್ಟೋ ಸಲ ರೇಗುತ್ತಿತ್ತು, ಸುಳ್ಳೇಕೆ ಹೇಳಲಿ. ಚಾಚಾರಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಎಲ್ಲೇ ಏನೇ ಆದರೂ ಬಸ್ಸಿಗೆ ಕಾಯ್ದು, ಹೋಗಿ, ನೋಡಿ, ಬಂದು, ಚಹಾ ಕುಡಿದು ಬರೆಯಲು ಕೂಡುವ ಮನುಷ್ಯ. ಆದರೆ ಅದೇ ಚಹಾದಂಗಡಿಯಲ್ಲಿ ಮೊಬೈಲಿನ ಯಾವುದಾದರೂ ಸುದ್ದಿಯ ಬಗ್ಗೆ ಜಗಳ ಹತ್ತಿದರೆ, ಕೊನೆಗೆ ಯಾರಾದರೊಬ್ಬರು "ತಡೀರಿ, ಸಂಜೀಕ ಚಾಚಾ ಏನ್ ಹೇಳ್ತಾರ ನೋಡೂಣು" ಅನ್ನುತ್ತಿದ್ದರು. ಇದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ.

ತಮ್ಮವರು, ಪರರು ಎಂಬ ಭೇದ ಆ ರೀಫಿಲ್ಲಿಗೆ ಇರಲಿಲ್ಲ. ಒಮ್ಮೆ ಅವರ ಹೆಂಡತಿಯ ಸ್ವಂತ ತಮ್ಮನ ರೇಷನ್ ಅಂಗಡಿಯಲ್ಲಿ ತೂಕದಲ್ಲಿ ಮೋಸ ನಡೆದಿತ್ತು. ಚಾಚಾ ಸಾಲಿನಲ್ಲಿ ನಿಂತು, ತಾವೇ ಅಕ್ಕಿ ಕೊಂಡು, ಬೇರೆ ಕಡೆ ತೂಗಿಸಿ, ಸುದ್ದಿ ಬರೆದು ನನ್ನ ಕೈಗೆ ಕೊಟ್ಟರು. ಓದುವಾಗ ನನ್ನ ನಾಲಿಗೆ ತೊದಲಿತು. ಆಮೇಲೆ ಎಷ್ಟೋ ದಿನ ಚಾಚಿ ಮಾತು ಬಿಟ್ಟಿದ್ದರು. ಮಧ್ಯಾಹ್ನ ಚಾಚಾ ನನ್ನ ಡಬ್ಬಿಯಿಂದ ರೊಟ್ಟಿ ಮುರಿದುಕೊಳ್ಳುತ್ತ, "ಮನ್ಯಾಗ ಸುದ್ದಿ ಬಂದ್ ಆಗ್ಯಾದ ಬೇಟಾ, ಹೊಟ್ಟಿನೂ ಬಂದ್ ಮಾಡ್ಯಾಳ" ಅಂದಿದ್ದರು.

ಅವರನ್ನು ನಾನು ಪೂರ್ತಿ ಅರಿತದ್ದು ಅಡುಗೆಯವಳ ಪ್ರಸಂಗದಲ್ಲಿ. ಹಿರೋಳ್ಳಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಮಕ್ಕಳಿಗೆ ವಾಂತಿ ಶುರುವಾಯಿತು. ಮಕ್ಕಳನ್ನು ಆಸ್ಪತ್ರೆಗೆ ಸೇರಿಸಿದ ಸ್ವಲ್ಪ ಹೊತ್ತಿಗೇ ಎಲ್ಲರ ಫೋನಿಗೂ ವಿಡಿಯೋ ಬಂತು. ಹೊಸದಾಗಿ ಸೇರಿದ ಅಡುಗೆಯವಳು ಸಾರಿಗೆ ವಿಷ ಹಾಕಿದ್ದಾಳೆ ಎಂಬ ಮಾತು. ಆಕೆ ಯಾವ ಕೇರಿಯವಳು ಎಂಬುದನ್ನು ಹೆಸರಿಗಿಂತ ಮೊದಲೇ ಹೇಳಿದ್ದರು. ಮಾಲಕರು ಫೋನು ಹಿಡಿದುಕೊಂಡೇ ಮೇಲೆ ಹತ್ತಿ ಬಂದರು.

"ಚಾಚಾ, ಇವತ್ತರ ನಾವು ಮೊದಲ ಹೇಳೂಣು. ವಿಷ ಬೆರೆಸಲಾಗಿದೆ ಎನ್ನಲಾಗಿದೆ ಅಂತ ಹಾಕ್ರಿ. ನಮ್ಮ ಮ್ಯಾಲ ಏನೂ ಬರೂದಿಲ್ಲ."

"ನಮ್ಮ ಮ್ಯಾಲ ಬರೂದಿಲ್ರಿ ಮಾಲಕರ. ಅಕಿ ಮ್ಯಾಲ ಬರ್ತದ. ಯಾರು ಅಂದಾರ?"

"ಊರಿಗೂರ ಅನ್ನಾಕತ್ತದ."

"ಊರು ಅಂದಿದ್ದು ಮೊಬೈಲ್ ನೋಡಿ. ನಾವು ಓದಿದ್ರ ಅದು ಖರೇ ಆಗಿಬಿಡ್ತದ." ಆಮೇಲೆ ನನ್ನ ಕಡೆ ತಿರುಗಿದರು. "ನಡಿ ಬೇಟಾ, ನೋಡ್ಕೊಂಡು ಬರೂಣು. ಓದೂ ಬಾಯಿ ನಿಂದು, ಕಣ್ಣೂ ನಿಂದ ಇರ್ಲಿ."

ಹೋದರೆ ಸಂಜೆಯ ಸುದ್ದಿಗೆ ವಾಪಸ್ ಬರುವುದಾಗುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಅಂದು ನಮ್ಮ ಚಾನೆಲ್ಲಿನಲ್ಲಿ ಸುದ್ದಿಯೇ ಇಲ್ಲ, ಅರ್ಧ ಗಂಟೆಯೂ ಬಟ್ಟೆ ಅಂಗಡಿಯ ಜಾಹೀರಾತು.

ಹಳ್ಳಿಗೆ ಹೋದಾಗ ಆಕೆಯ ಮನೆಯ ಮುಂದೆ ಜನ ಕೂಡಿದ್ದರು. ಕೆಲವರ ಕೈಯಲ್ಲಿ ಕಲ್ಲುಗಳಿದ್ದವು. ಆಕೆ ಒಳಗೆ ಬಾಗಿಲು ಹಾಕಿಕೊಂಡು ಕೂತಿದ್ದಳು. ಚಾಚಾ ಜನರ ನಡುವೆ ಹಾದು ಹೋಗಿ ಕಟ್ಟೆಯ ಮೇಲೆ ಕೂತರು. ಬಾಗಿಲಿಗೆ ಮುಖ ಮಾಡಿ, "ಯವ್ವಾ, ಬಾಯಿ ಆರೇದ, ಒಂದು ಚರಗಿ ನೀರು ಕೊಡು" ಅಂದರು. ಬಾಗಿಲು ತೆರೆಯಿತು. ಆಕೆ ಚರಗಿಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ಅಷ್ಟೂ ಜನರ ಮುಂದೆ ಚಾಚಾ ಆ ನೀರನ್ನು ಗಟಗಟನೆ ಕುಡಿದು ನನಗೂ ಕೊಟ್ಟರು. ನನಗೆ ಒಳಗೆ ಅಂಜಿಕೆ ಇತ್ತು, ಆದರೂ ಕುಡಿದೆ. ಆಮೇಲೆ ಅವರು ಆಕೆಯನ್ನು ಏನೂ ಕೇಳಲಿಲ್ಲ. ಕೂಡಿದ್ದವರು ಒಬ್ಬೊಬ್ಬರಾಗಿ ಸರಿದ ಮೇಲೆ ಶಾಲೆಗೆ ಹೋದರು.

ಶಾಲೆಯ ಬೇಲಿಗುಂಟ ಕಾಡು ಔಡಲದ ಗಿಡಗಳು. ಬುಡದಲ್ಲಿ ಆಗಷ್ಟೇ ಸುಲಿದ ಬೀಜದ ಸಿಪ್ಪೆ ರಾಶಿ ಬಿದ್ದಿತ್ತು. ಅಲ್ಲಿಂದ ಆಸ್ಪತ್ರೆಗೆ ಹೋಗಿ ಮಕ್ಕಳ ಹಾಸಿಗೆಯ ಪಕ್ಕ ಕೂತು, ಊಟದ ಮಾತೇ ಎತ್ತದೆ, ಆಟದ ಬಗ್ಗೆ ಕೇಳಿದರು. ಒಬ್ಬ ಹುಡುಗಿ ಬಾಯಿಬಿಟ್ಟಳು. ಊಟದ ಗಂಟೆಗೆ ಮೊದಲೇ ಎಲ್ಲರೂ ಆ ಬೀಜ ಒಡೆದು ತಿಂದಿದ್ದರು, ಶೇಂಗಾದ ಹಾಗೆ ರುಚಿ ಇತ್ತಂತೆ. ವಾಂತಿ ಮಾಡಿದವರಲ್ಲಿ ಊಟವನ್ನೇ ಮುಟ್ಟದವರೂ ಇದ್ದರು. ಡಾಕ್ಟರೂ ಅದನ್ನೇ ಹೇಳಿದರು. ಮಕ್ಕಳೆಲ್ಲ ಹುಷಾರಾದರು.

ವಾಪಸ್ ಬರುವ ಬಸ್ಸಿನಲ್ಲಿ ಚಾಚಾರಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನಾನೇ ಕೇಳಿದೆ, ಆ ಒಂದು ಶಬ್ದದ ಮೇಲೆ ಇಷ್ಟು ಹಗೆ ಯಾಕೆ ಎಂದು. ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. ಹರೆಯದಲ್ಲಿ, ಇಜೇರಿ ಕಡೆಯ ಒಂದು ಹಳ್ಳಿಯ ಗ್ರಂಥಾಲಯ ನೋಡಿಕೊಳ್ಳುವವನು ಪುಸ್ತಕಗಳನ್ನು ರದ್ದಿಗೆ ಮಾರಿಕೊಂಡಿದ್ದಾನೆ "ಎನ್ನಲಾಗಿದೆ" ಎಂದು ಅವರು ಒಂದು ಸಾಲು ಬರೆದಿದ್ದರು. ಯಾರೋ ಚಹಾ ಕುಡಿಯುವಾಗ ಅಂದ ಮಾತು. ಆ ಪುಸ್ತಕಗಳಿಗೆ ಗೆದ್ದಲು ಹಿಡಿದು, ಆತ ಅಳುತ್ತ ಅವನ್ನು ಸುಟ್ಟಿದ್ದ.

"ನನ್ನ ಹುಡುಕ್ಕೊಂಡು ಬಂದ. ಜಗಳಾ ಮಾಡಲಿಲ್ಲ ಬೇಟಾ, ಮಾಡಿದ್ರ ಚಲೋ ಇತ್ತು. ಸಾಹೇಬ್ರ, ಯಾರು ಅಂದಾರ್ರಿ, ಹೆಸರು ಹೇಳ್ರಿ, ಅವರ ಕಾಲು ಹಿಡದು ಕೇಳ್ತೇನಿ ಅಂದ. ನನ್ನ ಕಡಿ ಹೆಸರ ಇರಲಿಲ್ಲ. ಚಹಾ ತರಿಸಿದೆ, ಕುಡೀಲಿಲ್ಲ. ಆಮ್ಯಾಲ ಊರ ಬಿಟ್ಟ ಹೋದ."

ಅವತ್ತಿನಿಂದ ಆ ಮನುಷ್ಯನ ಪ್ರಶ್ನೆಯನ್ನೇ ಅವರು ತಮ್ಮದು ಮಾಡಿಕೊಂಡಿದ್ದರು ಎಂದು ನನಗೆ ಆಗ ತಿಳಿಯಿತು.

ಮರುದಿನ ನಾನು ಸುದ್ದಿ ಓದಿದೆ. ಡಾಕ್ಟರ ಹೆಸರಿತ್ತು, ಮಾತಾಡಿದ ತಂದೆತಾಯಿಗಳ ಹೆಸರಿತ್ತು, ಬೀಜದ ಸಿಪ್ಪೆಯ ಚಿತ್ರವಿತ್ತು. ಅಡುಗೆಯವಳ ಹೆಸರಿನ ಮುಂದೆ ಚಾಚಾ "ಶ್ರೀಮತಿ" ಎಂದು ಸೇರಿಸಿದ್ದರು. ಆಕೆಯ ಕೆಲಸ ಉಳಿಯಿತು. ಕಲ್ಲು ಹಿಡಿದು ನಿಂತವರ ಮಕ್ಕಳು ಈಗಲೂ ಆಕೆಯ ಕೈಯ ಸಾರು ಉಣ್ಣುತ್ತಾರೆ. ಮಾಲಕರು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಮಿರ್ಚಿ ಭಜಿ ತರಿಸಿದರು.

ಕಳೆದ ವರ್ಷ ಚಾಚಾರಿಗೆ ಉಸಿರಿನ ತೊಂದರೆ ಹೆಚ್ಚಾಗಿ ಕಲಬುರಗಿಯ ಆಸ್ಪತ್ರೆಗೆ ಸೇರಿಸಿದರು. ಒಂದು ಬೆಳಿಗ್ಗೆ ನನ್ನ ಫೋನಿನ ತುಂಬ ಅವರ ಫೋಟೋ, ಸುತ್ತ ಹೂವಿನ ಅಂಚು, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಅವರದೇ ನಂಬರಿಗೆ ಹಚ್ಚಿದೆ. ಅವರೇ ಎತ್ತಿದರು. ನಾನು ಅಳುತ್ತ, "ಚಾಚಾ, ನೀವು ಹೋದ್ರಿ ಅಂತ ಬಂದಾದ್ರಿ" ಅಂದೆ. ಅವರು ಏದುಸಿರು ಬಿಡುತ್ತಲೇ ಕೇಳಿದರು.

"ಯಾರು ಅಂದಾರ?"

ನಾನು ಅಳುವುದರ ನಡುವೆಯೇ ನಕ್ಕೆ. ಅವರೂ ನಗಲು ಹೋಗಿ ಕೆಮ್ಮಿದರು. "ಫೋಟೋ ಚಲೋದು ಹಾಕ್ಯಾರೇನು?" ಎಂದೂ ವಿಚಾರಿಸಿದರು.

ಅಂದೇ ಆಸ್ಪತ್ರೆಗೆ ಹೋದೆ. ದಿನಗಟ್ಟಲೆ ರೀಫಿಲ್ ಹಿಡಿಯದೆ ಅವರ ಬೆರಳು ಬೆಳ್ಳಗಾಗಿತ್ತು. ಅದನ್ನು ನೋಡಿ ನನಗೆ ಆದ ಹೆದರಿಕೆ ಆ ಸುಳ್ಳು ಫೋಟೋ ನೋಡಿದಾಗಲೂ ಆಗಿರಲಿಲ್ಲ. ದಾರಿಯಲ್ಲಿ ಬಂದ ಒಂದು ಫೋನಿನ ವಿಷಯ ಹೇಳಿದೆ. ಆ ಅಡುಗೆಯವಳು ಮಾಡಿದ್ದಳು. "ಅಕ್ಕೋರ, ಫೋನಿನ್ಯಾಗ ಚಾಚಾರ ಬಗ್ಗೆ ಏನೇನೋ ಬಂದದ. ನೀವು ಟಿವ್ಯಾಗ ಓದಿಲ್ಲ, ಅದಕ್ಕ ನಾ ನಂಬಿಲ್ರಿ" ಅಂದಿದ್ದಳು. ಚಾಚಾ ಕೇಳಿಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು. ಹೊದಿಕೆಯ ಅಂಚಿನಿಂದ ಕಣ್ಣು ಒರೆಸಿಕೊಂಡು, "ಇಷ್ಟು ಸಾಕು ಬೇಟಾ" ಅಂದರು.

ಅವರನ್ನು ಮನೆಗೆ ಕರೆತಂದು ಕೆಲವು ವಾರವಾದ ಮೇಲೆ ಮತ್ತೆ ಅದೇ ಹೂವಿನ ಅಂಚಿನ ಫೋಟೋ ಬಂತು. ಈ ಸಲ ಅವರ ನಂಬರಿಗೆ ಹಚ್ಚಿದರೆ ಯಾರೂ ಎತ್ತಲಿಲ್ಲ. ಬೇರೆ ಯಾರನ್ನೂ ಕೇಳದೆ ಅವರ ಮನೆಗೆ ನಡೆದೆ. ಚಾಚಿ ನನ್ನನ್ನು ತಬ್ಬಿಕೊಂಡು ಒಳಗೆ ಕರೆದೊಯ್ದರು. ಬಿಳಿ ಬಟ್ಟೆ ಸರಿಸಿ ಮುಖ ತೋರಿಸಿದರು. ಕೈಗಳು ಒಳಗಿದ್ದವು, ಬೆರಳು ಕಾಣಲಿಲ್ಲ.

ಸಂಜೆ ಕೋಣೆಗೆ ಬಂದಾಗ ಮಾಲಕರು ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದರು. ತಾವೇ ಸುದ್ದಿ ಬರೆದು ಇಟ್ಟಿದ್ದರು. ಓದುತ್ತ ಹೋದೆ. ಕೊನೆಯಲ್ಲಿ, ರೂಢಿಯ ಮೇಲೆ, "ಇಂದು ಬೆಳಿಗ್ಗೆ ನಿಧನರಾದರು ಎನ್ನಲಾಗಿದೆ" ಎಂದಿತ್ತು. ನಾನು ತಲೆ ಎತ್ತಿ ನೋಡಿದೆ. "ಹೊಡದ ಹಾಕವ್ವಾ, ಹೊಡದ ಹಾಕು" ಅಂದು ಅವರು ಅಳತೊಡಗಿದರು. ಮೇಜಿನ ಮೇಲೆ ಚಾಚಾರ ರೀಫಿಲ್ ಇತ್ತು. ಅದರಿಂದ ಆ ಶಬ್ದವನ್ನು ಹೊಡೆದು ಹಾಕಿದೆ. ನನ್ನ ಬೆರಳಿಗೂ ಶಾಯಿ ಹತ್ತಿತು.

ಫ್ಯಾನು ಬಂದ್ ಮಾಡಿ ಓದಿದೆ. "ಇಂದು ಬೆಳಿಗ್ಗೆ ತೀರಿಕೊಂಡರು. ನಾನು ಹೋಗಿ ನೋಡಿ ಬಂದಿದ್ದೇನೆ."

ಕ್ಯಾಮೆರಾ ಬಂದ್ ಆಗುವುದಕ್ಕೂ ಫೋನು ಬರುವುದಕ್ಕೂ ಸರಿಹೋಯಿತು. ಆ ಅಡುಗೆಯವಳೇ.

"ಅಕ್ಕೋರ," ಅಂದಳು, "ಇಷ್ಟ ವರ್ಷ ಖರೇನ ಹೇಳೀರಿ. ಇದೊಂದು ಸುಳ್ಳ ಹೇಳಿದ್ರ ಏನಾಗ್ತಿತ್ರಿ?"